ನೀಲವ್ವತ್ತಿಯ ಎಡಗೈ

ಆ ಶನಿವಾರ ಮಧ್ಯಾಹ್ನ ಇಳಕಲ್ಲಿನ ನೀಲವ್ವತ್ತಿಯ ಅಡುಗೆಮನೆಯಲ್ಲಿ ನಾವು ಮೂವರಿದ್ದೆವು: ಅತ್ತಿ, ನಮ್ಮಕ್ಕ ಶಾರದಾ, ನಾನು. ಅತ್ತಿ ಎರಡು ಬಟ್ಟಲುಗಳ ಮುಂದೆ ಕಣ್ಣು ಮುಚ್ಚಿ ಕೂತಿದ್ದಳು. ಎಡಗೈ ಬೆರಳು ಎಣ್ಣೆಯಲ್ಲಿ, ಬಲಗೈ ಬೆರಳು ಕಷಾಯದಲ್ಲಿ.

ಮುಖಕ್ಕೆ ಹಚ್ಚುವ ಕ್ರೀಮನ್ನು ಆಕೆ ಮಾಡುತ್ತಿದ್ದುದೇ ಹಾಗೆ. ಅರಿಶಿನ ತನ್ನ ಸತ್ವವನ್ನು ಎಣ್ಣೆಗೆ ಬಿಡುತ್ತದೆ, ಜೇಷ್ಠಮಧು ನೀರಿಗೆ. ಅರಿಶಿನ ಹಾಕಿ ಕಾಯಿಸಿ ಸೋಸಿದ ಕುಸುಬೆ ಎಣ್ಣೆಯಲ್ಲಿ ಜೇನುಮೇಣ ಕರಗಿಸುವಳು. ಜೇಷ್ಠಮಧುವಿನ ಕಷಾಯಕ್ಕೆ ಎಣ್ಣೆ, ನೀರು ಕೂಡಲೆಂದು ಚಿಟಿಕೆ ಬಿಳಿಗಾರ ಹಾಕುವಳು. ಎರಡರ ಬಿಸಿಯೂ ಸಮನಾದಾಗ ಸುರಿದು ಕಡೆದರೆ ಬೆಣ್ಣೆಯಂತೆ ಕೂಡಿಕೊಳ್ಳುತ್ತಿತ್ತು.

"ಎರಡೂ ಕೈ ಒಂದ ಮಾತು ಹೇಳಬೇಕು," ಎನ್ನುವಳು. ನಾನು ಬಾಗಲಕೋಟೆಯಿಂದ ಥರ್ಮಾಮೀಟರು ತಂದುಕೊಟ್ಟರೆ, "ಇದಕ್ಕ ಜ್ವರಾ ಬಂದ್ರ ಯಾರು ನೋಡಾವ್ರಲೇ?" ಎಂದು ನಕ್ಕಿದ್ದಳು. ಓಣಿಯ ಹೆಣ್ಣುಮಕ್ಕಳ ಮುಖಕ್ಕೆಲ್ಲ ಕ್ರೀಮು ಕೊಡುತ್ತಿದ್ದವಳ ಮನೆಯಲ್ಲಿ ಒಂದು ಕನ್ನಡಿಯೂ ಇರಲಿಲ್ಲ.

ಮಿರ್ಚಿ ಕರಿಯುವಾಗ ಎಣ್ಣೆ ಸಿಡಿದು ಅಕ್ಕನ ಕೆನ್ನೆ ಸುಟ್ಟಿತ್ತು. ಗಾಯ ಮಾಯ್ದರೂ ಕಪ್ಪು ಉಳಿದಿತ್ತು, ಚರ್ಮ ಬಿಗಿದು ಎಳೆಯುತ್ತಿತ್ತು. ಸೋಮವಾರ ಹುನಗುಂದದ ಶಾಲೆಗೆ ಟೀಚರಾಗಿ ಹಾಜರಾಗಬೇಕು. ಇವಳೋ ಮುಖದ ಮೇಲಿನ ಸೆರಗು ಸರಿಸಲೊಲ್ಲಳು. ಒಲೆಯ ಹತ್ತಿರವಂತೂ ಸುಳಿಯುತ್ತಿರಲಿಲ್ಲ.

"ಸುಟ್ಟ ಕಲಿ ಹೋಗೂದಿಲ್ಲವ್ವಾ. ಬಿಗಿ ಸಡ್ಲ ಆಗ್ತೈತಿ, ಅಷ್ಟ," ಎಂದು ಅತ್ತಿ ಮೊದಲೇ ಹೇಳಿದ್ದಳು.

ಅಂದು ಎಣ್ಣೆ, ನೀರು ಬೇರೆಯಾಗಿ ಕ್ರೀಮು ಒಡೆಯಿತು. ಮತ್ತೆ ಕಾಯಿಸಿದಳು, ಮತ್ತೆ ಒಡೆಯಿತು. ಮುಂದಿನ ಸಲ ಎಣ್ಣೆಯ ಝಳ ದೂರ ಕೂತ ನನ್ನ ಮುಖಕ್ಕೇ ತಾಕುತ್ತಿತ್ತು. ಅತ್ತಿ ಬೆರಳದ್ದಿ, "ಇನ್ನೂ ತಣ್ಣಗೈತಿ" ಎಂದಳು. ಗಾಬರಿಯಾಗಿ ಎಡಗೈ ಹಿಡಿದೆಳೆದೆ. ಬೆರಳ ತುದಿ ಕೆಂಪಾಗಿತ್ತು. ಅಂಗೈ ಮಾತ್ರ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

"ಅತ್ತಿ, ಸುಡೂದು ಗೊತ್ತಾಗವಲ್ದೇನು? ದವಾಖಾನಿಗೆ ನಡಿ."

"ನಾಳಿಗಿರಲಿ ಬಿಡಲೇ. ಮೊದ್ಲ ಹುಡಿಗಿ ಮುಖಾ. ಈ ಕೈ ನಿನ್ನಿಯಿಂದ ಅವರು ಹಿಡಕೊಂಡಾರ."

ಅವರು ಎಂದರೆ ಆಕೆಯ ಗಂಡ. ತೀರಿಹೋಗಿ ಎಷ್ಟೋ ವರ್ಷ. ಹೊರಗೆ ರಣಗುಟ್ಟುವ ಬಿಸಿಲು. ಆದರೂ ಆಕೆಯ ಕೈ ಬಿಟ್ಟು ನನ್ನ ಅಂಗೈ ಉಜ್ಜಿಕೊಂಡೆ.

ಎಣ್ಣೆ ಇಳಿಸಿ ನಾನೇ ಕೈ ಚಾಚಿದೆ. "ನಿಂದಲ್ಲ, ಹಚ್ಚಿಕೊಳ್ಳಾಕಿ ಕೈ ಬೇಕು. ಶಾರಿ, ಬಾ," ಎಂದಳು ಅತ್ತಿ.

"ನನ್ನ ಕಡಿಂದ ಆಗೂದಿಲ್ಲತ್ತಿ. ಎಣ್ಣಿ ಅದು."

"ಎಣ್ಣೀನ. ಹುಲಿ ಅಲ್ಲ."

ಅಕ್ಕ ಸೆರಗನ್ನು ಹಲ್ಲಲ್ಲಿ ಕಚ್ಚಿ, ಅತ್ತಿಯ ಎಡಕ್ಕೆ ಕೂತು, ಬೆರಳು ಮುಟ್ಟಿಸಿ ಹಿಂದೆಗೆದಳು. ಮತ್ತೆ ಮುಟ್ಟಿಸಿದಳು. ಈ ಸಲ ತೆಗೆಯಲಿಲ್ಲ; ಅತ್ತಿಯ ಬಲಗೈ ಕಷಾಯದಲ್ಲಿತ್ತು. ಎಣ್ಣೆ ನಿಧಾನ ಆರುತ್ತ ಬಂತು.

"ಈಗ," ಎಂದರು ಇಬ್ಬರೂ. ಕೇಳಿಸಿದ್ದು ಮಾತ್ರ ಒಂದೇ ದನಿ. ಅದು ಅಕ್ಕನದೂ ಅಲ್ಲ, ಅತ್ತಿಯದೂ ಅಲ್ಲ.

ಕ್ರೀಮು ಕೂಡಿತು.

ಭಾನುವಾರ ಬೆಳಿಗ್ಗೆ ಅತ್ತಿ ತೀರಿಕೊಂಡಳು. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಅಕ್ಕ ಡಬ್ಬಿ ತೆರೆದು ಅತ್ತಿಯ ಕೆನ್ನೆಗೆ ತುಸು ಕ್ರೀಮು ಸವರಿದಳು. ಸತ್ತವರ ಚರ್ಮದ ಮೇಲೆ ಅದು ಹಾಗೇ ಕೂರಬೇಕಿತ್ತು. ನಾವು ನೋಡುತ್ತಿದ್ದಂತೆ ಕೆನ್ನೆ ಅದನ್ನು ಪೂರ್ತಿ ಹೀರಿಕೊಂಡಿತು. ಅಕ್ಕ ನನ್ನ ಮುಖ ನೋಡಿದಳು. ಬೆರಳಿಗೆ ಉಳಿದದ್ದನ್ನು ತನ್ನ ಕೆನ್ನೆಗೆ ಹಚ್ಚಿಕೊಂಡಳು.

ಮರುದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುನಗುಂದದ ಬಸ್ಸು ಹತ್ತಿದಳು.