ಗಂಡನ ಹೆಸರು ಹೇಳಿಬಿಟ್ಟೆ

ನಾನು ನನ್ನ ಗಂಡನ ಹೆಂಡತಿ ಎಂಬುದಕ್ಕೆ ಎಷ್ಟು ಸಾಕ್ಷಿ ಬೇಕು, ಹೇಳಿ ಗೆಳತಿಯರೇ? ಲಂಡನ್ನಿನಲ್ಲಿರುವ ಅವರ ಬಳಿ ಹೋಗಲು ವೀಸಾ ಕೊಡುವವರಿಗೆ ಅದನ್ನು ರುಜುವಾತು ಮಾಡಬೇಕಂತೆ. ಬೆಳಿಗ್ಗೆ ಅತ್ತೆಯೂ ನಾನೂ ಲಗ್ನಪತ್ರಿಕೆ, ಮದುವೆಯ ಫೋಟೋ ಹಿಡಿದುಕೊಂಡು ವಿದ್ಯಾರಣ್ಯಪುರದ ವಕೀಲರ ಮನೆಗೆ ಹೋದೆವು.

ವಕೀಲರು ಫೋಟೋ ನೋಡಿ, "ಬಾಸಿಂಗ, ಹೂವಿನ ಹಾರದಲ್ಲಿ ಇಬ್ಬರ ಮುಖಾನೂ ಮುಚ್ಚೋಗಿದೆಯಲ್ಲಮ್ಮ!" ಎಂದರು.

"ಇನ್ನೇನು ಬೇಕು ಹೇಳಿ, ತಂದ್ಕೊಡ್ತೀವಿ," ಎಂದರು ಅತ್ತೆ.

"ಮ್ಯಾಜಿಸ್ಟ್ರೇಟರ ಮುಂದೆ ಇವರೇ ಪ್ರಮಾಣ ಮಾಡಿ ಹೇಳ್ಬೇಕು. ಎಲ್ಲಿ, ಗಂಡನ ಹೆಸರು ಹೇಳಿ ನೋಡೋಣ."

ನಾನು ಅತ್ತೆಯ ಮುಖ ನೋಡಿದೆ. ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ಹೇಳಿಕೊಟ್ಟವರೇ ಅತ್ತೆ. ಕಣ್ಣು ಮುಚ್ಚಿಕೊಂಡು ಅಂದುಬಿಟ್ಟೆ: "ಶ್ರೀನಿವಾಸಮೂರ್ತಿ."

"ಸರಿ, ಹೀಗೇ ಹೇಳಿ," ಎಂದರು ವಕೀಲರು.

ವಾಪಸ್ಸು ಬಂದಾಗ ಅತ್ತೆ ಮನೆ ಬಾಗಿಲಲ್ಲಿ ನಿಂತು, "ಅಲ್ಲ ಕಣೇ, ಅದೆಂಗೆ ಅಷ್ಟು ಸಲೀಸಾಗಿ ಹೇಳ್ಬುಟ್ಟೆ?" ಎಂದರು.

ವೀಸಾದವರು ನನ್ನನ್ನು ನನ್ನ ಗಂಡನ ಹೆಂಡತಿಯೆಂದು ನಂಬುತ್ತಾರೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಅತ್ತೆಗಂತೂ ಇವತ್ತಿನಿಂದ ಅನುಮಾನ ಶುರುವಾಗಿದೆ.