ಏಳನೆಯ ಕಿಂಡಿಯ ಲೂಪ್

ಕೆಂದಾರಿ ಪಟ್ಟಣದ ಟೆಲಿಫೋನ್ ಕಂಪನಿಯ ಯಂತ್ರದ ಕೋಣೆಯಲ್ಲಿ ವಾ ನುರಿಗೆ ಕೆಲಸ. ಸಮುದ್ರದಾಚೆ ಬುಟೊನ್ ದ್ವೀಪದಲ್ಲಿ, ಬೌಬೌ ಊರಿನ ಅಂಥದೇ ಕೋಣೆಯಲ್ಲಿ ಅವಳ ಅಣ್ಣ ಲಾ ಮಾನೆ. ಹೊಸ ಲೈನು ಕೊಡಬೇಕಾದರೆ ಎರಡೂ ತುದಿಗೆ ಒಬ್ಬೊಬ್ಬರು ನಿಲ್ಲಲೇಬೇಕು. ಬ್ಯಾಂಕಿರಲಿ, ಮೀನಿನ ಕಂಪನಿಯಿರಲಿ, ಅರ್ಜಿ ಮೂರು ವಾರ ಮೇಜಿಂದ ಮೇಜಿಗೆ ಅಲೆದು ಕೊನೆಗೆ ಬಂದು ಬೀಳುತ್ತಿದ್ದುದು ಈ ಅಣ್ಣ ತಂಗಿಯರ ಕೈಗೆ. ಅಣ್ಣ ಬೆಳಕು ಹರಿಯುವ ಗೇಣುದ್ದದ ಹಳದಿ ಫೈಬರ್ ಎಳೆಯ ಎರಡು ತುದಿಯನ್ನೂ ಯಂತ್ರದ ಕಿಂಡಿಗೆ ಸಿಕ್ಕಿಸುತ್ತಿದ್ದ. ತಂಗಿ ಕಳಿಸಿದ ಬೆಳಕು ಅಲ್ಲಿಂದಲೇ ತಿರುಗಿ ಅವಳಿಗೇ ವಾಪಸು ಬರುತ್ತಿತ್ತು. ಇದಕ್ಕೆ ಲೂಪ್ ಎನ್ನುತ್ತಾರೆ. ಹದಿನೈದು ನಿಮಿಷ ಒಂದೂ ತಪ್ಪಿಲ್ಲದೆ ಬಂದರೆ ದಾರಿ ಸರಿಯಿದೆ ಎಂದರ್ಥ.

ಕೆಲಸವಿಲ್ಲದ ದಿನ ಅಣ್ಣ ಯಾರೂ ಬಳಸದ ಏಳನೆಯ ಕಿಂಡಿಗೆ ಸುಮ್ಮನೆ ಲೂಪ್ ಹಾಕಿಬಿಡುತ್ತಿದ್ದ. 'ಪುರುಸೊತ್ತಾಗಿದೀನಿ, ಫೋನ್ ಮಾಡೇ' ಎಂದು ಅದರರ್ಥ. ತನ್ನ ಯಂತ್ರದಲ್ಲಿ ಅದನ್ನು ಕಂಡ ಕೂಡಲೇ ನುರಿ ಫೋನೆತ್ತುತ್ತಿದ್ದಳು. ಆಮೇಲೆ ಅರ್ಧ ಗಂಟೆ ಕಂಪನಿಯ ಕೆಲಸ ಕೇಳುವವರಿಲ್ಲ.

ಅದೆಲ್ಲ ಅಪ್ಪ ಸಾಯುವ ಮುಂಚಿನ ಮಾತು. ಸುದ್ದಿ ಕೇಳಿ ನುರಿ ಬೋಟು ಹತ್ತಿ ಬೌಬೌನಲ್ಲಿ ಇಳಿಯುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು.

"ಒಂದ್ನಾಕು ಗಂಟೆ ನನಗೋಸ್ಕರ ಕಾಯೋಕಾಗ್ಲಿಲ್ವಾ?"

"ತಡ ಮಾಡ್ಬಾರ್ದು ಅಂತ ಹಿರೀರು ಹೇಳಿದ್ರು ಕಣೇ."

"ಮನೆಗೆ ಹಿರೀನು ನೀನಲ್ವಾ? ಬಾಯಿರ್ಲಿಲ್ವಾ ನಿನಗೆ?"

ಅವರ ಮಾತುಕತೆಗೆ ಅಂದೇ ಕೊನೆ. ಆದರೆ ಲೈನುಗಳಿಗೆ ಅವರ ಜಗಳ ಗೊತ್ತೇ? ಎರಡೂ ತುದಿಗೆ ಜನ ಬೇಕು, ಮಾತು ಬೇಕು. ಒಂಬತ್ತು ವರ್ಷ ಫೋನಿನಲ್ಲಿ ನಡೆದದ್ದು ಇಷ್ಟೇ.

"ಲೂಪ್ ಹಾಕು."

"ಹಾಕ್ದೆ. ಊಟ ಆಯ್ತಾ ನುರಿ?"

ನುರಿ ಉತ್ತರ ಕೊಡುತ್ತಿರಲಿಲ್ಲ. ಹದಿನೈದು ನಿಮಿಷ ಇಬ್ಬರೂ ಫೋನು ಕಿವಿಗಿಟ್ಟು ಒಬ್ಬರ ಉಸಿರು ಒಬ್ಬರು ಕೇಳುತ್ತ ಕೂರುತ್ತಿದ್ದರು.

"ತೆಗಿ."

"ತೆಗ್ದೆ."

ಅಣ್ಣಾ ಎನ್ನುವುದನ್ನೂ ಬಿಟ್ಟಿದ್ದಳು, ಹಠಮಾರಿ. ಆದರೂ ಬೌಬೌಗೆ ಹೊಸ ಅರ್ಜಿ ಬಂದ ದಿನ ಅವಳು ಬೆಳಿಗ್ಗೆ ಬೇಗ ಬರುತ್ತಾಳೆಂದು ಇಡೀ ಆಫೀಸಿಗೆ ಗೊತ್ತಿತ್ತು. "ಅಕ್ಕ, ಜಗಳ ಆಡೋಕೆ ಇಷ್ಟು ಅವಸರಾನಾ?" ಎಂದು ಛೇಡಿಸುತ್ತಿದ್ದರು.

ಈ ವರ್ಷ ಹೊಸ ವ್ಯವಸ್ಥೆ ಬಂತು. ಪರೀಕ್ಷೆಯ ಮೂರು ದಿನಕ್ಕೆ ದೊಡ್ಡ ಲೈನು ಬೇಕೆಂದರೆ ಕಾಲೇಜಿನ ಗುಮಾಸ್ತನೇ ತನ್ನ ಕಂಪ್ಯೂಟರಿನಲ್ಲಿ ಗುಂಡಿ ಒತ್ತುತ್ತಾನೆ. ಚಹಾ ಆರುವುದರೊಳಗೆ ಲೈನು ಸಿದ್ಧ. ನಾಲ್ಕನೆಯ ದಿನ ಬೇಡವೆಂದರೆ ತಾನೇ ಚಿಕ್ಕದಾಗುತ್ತದೆ. ಯಾರೂ ಯಾರಿಗೂ ಲೂಪ್ ಹಾಕು ಎನ್ನಬೇಕಿಲ್ಲ.

ಕೈಯಿಂದ ಕೊಟ್ಟ ಕೊನೆಯ ಲೈನು ಬೌಬೌ ಆಸ್ಪತ್ರೆಯದು. ಇವತ್ತು ಉತ್ತರ ಕೊಟ್ಟೇ ತೀರಬೇಕೆಂದು ನುರಿ ಗಟ್ಟಿ ಮನಸ್ಸು ಮಾಡಿ ಕೂತಿದ್ದಳು. "ಊಟ ಆಯ್ತಾ ನುರಿ?" ಎಂದಿತು ಅಣ್ಣನ ದನಿ, ಯಾಕೋ ಸೋತಂತೆ. ಮಾತು ನಾಲಗೆಯ ತುದಿಗೆ ಬರಲು ಹದಿನೈದು ನಿಮಿಷವೂ ಹಿಡಿಯಿತು. ಅಷ್ಟರಲ್ಲಿ ತಪಾಸಣೆ ಮುಗಿದು ಯಂತ್ರ ಕೀ ಎಂದಿತು, ಅಭ್ಯಾಸಬಲದಿಂದ ಬಾಯಿ ಹೇಳಿದ್ದು "ತೆಗಿ" ಎಂದೇ.

"ತೆಗ್ದೆ," ಎಂದ ಅಣ್ಣ. ಫೋನಿಟ್ಟ ಸದ್ದಾಯಿತು.

ಮೂರು ದಿನ ಕಳೆದು ಹಳೆಯ ಕಿಂಡಿಗಳನ್ನು ನೋಡುತ್ತಿದ್ದವಳು ಕುರ್ಚಿಯಿಂದ ಎದ್ದೇಬಿಟ್ಟಳು. ಏಳನೆಯದರಲ್ಲಿ ಕಳಿಸಿದ್ದೆಲ್ಲ ವಾಪಸು ಬರುತ್ತಿದೆ! ಅಣ್ಣ ಲೂಪ್ ಹಾಕಿದ್ದಾನೆ. ಕಾಯುತ್ತಿದ್ದಾನೆ. ಒಂಬತ್ತು ವರ್ಷದ ಮಾತು ಫೋನಿನಲ್ಲಿ ಮುಗಿಯುವಂಥದ್ದಲ್ಲ, ಹೋಗಿಯೇ ಬರುತ್ತೇನೆ ಎಂದುಕೊಂಡಳು. ಎರಡು ವಾರದ ಮೇಲಿನ ಶನಿವಾರಕ್ಕೆ ರಜೆ ಸಿಕ್ಕಿತು. ಅಣ್ಣನಿಗೆಂದು ಗೋಡಂಬಿ ಹುರಿದು ಡಬ್ಬಿಗೆ ತುಂಬಿದಳು. ದಿನಾ ಹತ್ತು ಗಂಟೆಗೆ ಏಳನೆಯ ಕಿಂಡಿ ನೋಡುತ್ತಿದ್ದಳು. ಒಂದೂ ತಪ್ಪಿಲ್ಲ. ಇದ್ದಾನೆ, ಎಲ್ಲಿ ಹೋಗುತ್ತಾನೆ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವಳೇ ಹೇಳುತ್ತಿದ್ದ ಪಾಠವಿತ್ತು: "ಲೂಪ್ ನೋಡಿ ಮೋಸ ಹೋಗ್ಬೇಡ್ರಪ್ಪ. ವಾಪಸ್ ಬರೋದು ನೀವು ಕಳ್ಸಿದ್ದೇ. ಆ ಕಡೆ ಜನ ಇದಾರೆ ಅಂತ ಅದು ಹೇಳಲ್ಲ." ಆ ಪಾಠ ಅವಳಿಗೇ ಮರೆತುಹೋಯಿತು.

ಶನಿವಾರಕ್ಕೆ ಒಂದು ದಿನವಿದೆ ಎನ್ನುವಾಗ ಅತ್ತಿಗೆಯ ಫೋನು ಬಂತು.

"ನುರಿ, ನಿಮ್ಮಣ್ಣ ಹೋಗ್ಬಿಟ್ರು ಕಣೇ. ಎರಡು ವಾರದಿಂದ ಹಾಸಿಗೆ ಬಿಟ್ಟು ಎದ್ದಿರ್ಲಿಲ್ಲ. ನಿಂಗೆ ಹೇಳ್ತೀನಿ ಅಂದ್ರೆ, ಬೇಡ, ಏಳನೇದಕ್ಕೆ ಲೂಪ್ ಹಾಕಿ ಬಂದಿದೀನಿ, ಅವಳೇ ಫೋನ್ ಮಾಡ್ತಾಳೆ ಅಂತಿದ್ರು. ಫೋನ್ ತಲೆದಿಂಬಿನ ಪಕ್ಕಾನೇ ಇಟ್ಕೊಂಡಿದ್ರು."

ನುರಿ ಗಡಿಯಾರ ನೋಡಿದಳು. ಬೆಳಗಿನ ಬೋಟು ಹೋಗಿಯಾಗಿತ್ತು. ಮಧ್ಯಾಹ್ನದ್ದು ಹತ್ತಿದರೆ ತಲುಪುವುದು ಸಂಜೆಗೆ.

"ಹಿರೀರು ಕೇಳ್ತಿದಾರೆ," ಅತ್ತಿಗೆ ಬಿಕ್ಕುತ್ತಿದ್ದಳು. "ನೀನು ಬರೋವರೆಗೂ ಕಾಯ್ಬೇಕಾ?"

ಕಾಯಿರಿ ಎಂದರೆ ಕಾಯುತ್ತಿದ್ದರು. ಅಣ್ಣನನ್ನು ಮಣ್ಣು ಮಾಡದೆ ಸಂಜೆಯವರೆಗೂ ಕಾಯಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ಕಾಯ್ಬೇಡಿ ಅತ್ತಿಗೆ," ಎಂದಳು. ಅಪ್ಪ ಸತ್ತ ದಿನ ಅಣ್ಣನೂ ಹಿರಿಯರಿಗೆ ಇದನ್ನೇ ಹೇಳುವಾಗ ಎಷ್ಟು ನೊಂದಿದ್ದನೋ, ಅವಳಿಗೆ ಈಗ ತಿಳಿಯಿತು.

ಸಂಜೆ ಹಸಿ ಮಣ್ಣಿನ ಮುಂದೆ ಕೂತಳು. ಅತ್ತಿಗೆ ತಟ್ಟೆ ತಂದಿಟ್ಟರೆ ಕೈ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅಣ್ಣನ ಯಂತ್ರದ ಕೋಣೆಗೆ ಹೋದಳು. ಕಾವಲುಗಾರ ಲಾ ಪೊಂದಾ ಬೀಗ ತೆಗೆದ.

"ಆ ಹಳದೀದು ತೆಗೀಬೇಕಂತೆ ಅಕ್ಕ. ಹೊಸ ಕಂಪ್ಯೂಟರ್‌ಗೆ ಆ ಕಿಂಡೀನೂ ಬೇಕಂತೆ. ಅವ್ರ ಕೈಯಾರೆ ಹಾಕಿದ್ದು, ನಂಗೆ ಮುಟ್ಟೋಕೆ ಮನಸ್ಸಾಗ್ಲಿಲ್ಲ."

ನುರಿ ಅಣ್ಣನ ಕುರ್ಚಿಯಲ್ಲಿ ಕೂತಳು. ಗೇಣುದ್ದದ ಫೈಬರಿನ ಮೇಲೆ ತೆಳುವಾಗಿ ಧೂಳು ಕೂತಿತ್ತು. ಆಚೆ ತುದಿಯಿಂದ ಯಾರಾದರೂ ತೆಗಿ ಎನ್ನಲಿ ಎಂದು ಕಾದಳು. ಅನ್ನಬೇಕಾದವಳು ಇಲ್ಲೇ ಕೂತಿದ್ದಳು. ಕೊನೆಗೆ ತಾನೇ ಎರಡೂ ತುದಿಯನ್ನು ಎಳೆದಳು.

"ತೆಗ್ದೆ," ಎಂದಳು. ಆಮೇಲೆ, ಬಾಗಿಲಲ್ಲಿ ಪೊಂದಾ ನಿಂತಿದ್ದಾನೆಂಬುದೂ ಮರೆತು, "ಇಲ್ಲಣ್ಣಾ," ಎಂದಳು, "ಇನ್ನೂ ಊಟ ಆಗಿಲ್ಲ."