ಹಾಲು ಉಕ್ಕಿಸುವ ಕಾಶವ್ವ

ಅಕ್ಷರ ಸೊಟ್ಟಗಿದೆ, ಕ್ಷಮಿಸಿ. ಶಾಲೆಯನ್ನು ನಡುವೆಯೇ ಬಿಟ್ಟವಳ ಬರಹ ಇದು, ಮಾತುಗಳೂ ಸರಿಯಾಗಿ ಕೂಡಿಬರುವುದಿಲ್ಲ. ಅಮೆರಿಕದ ಗಿಲ್‌ರಾಯ್ ಊರಿನಲ್ಲಿ ನೆಲೆಯಿಲ್ಲದ ಮುದುಕರಿಗೆ ಬಾಡಿಗೆಯಿಲ್ಲದೆ ಆರು ಪುಟ್ಟ ಮನೆ ಕೊಡುವ ಟ್ರಸ್ಟನ್ನು ನಡೆಸುವವರು ಗದಗಿನ ಕಾಶವ್ವ. ಹೊಸಬರು ಬಂದ ದಿನ ಒಲೆಯ ಮೇಲೆ ಹಾಲು ಉಕ್ಕಲೇಬೇಕು. ಉಕ್ಕದಿದ್ದರೆ ಅದು ಮನೆಯೇ ಅಲ್ಲ ಅವರಿಗೆ. ಚೆಲ್ಲಿದ ಹಾಲು ಸೀದು ಹೊಗೆಯ ಅಲಾರಂ ಕಿರುಚಿಕೊಂಡರೆ, "ನೋಡ್ರಿ, ಶಂಖಾನೂ ಊದಿತು!" ಎಂದು ನಗುತ್ತಾರೆ. ಕೀಲಿ ಕೊಟ್ಟ ಮೇಲೆ ಬಾಗಿಲು ತಟ್ಟದೆ ಎಂದೂ ಒಳಗೆ ಹೋಗುವುದಿಲ್ಲ. ಮೊನ್ನೆ ಕೊನೆಯ ಮನೆಯನ್ನು ಬೆಳ್ಳುಳ್ಳಿ ಹೊಲದಲ್ಲಿ ದುಡಿದು ಬೆನ್ನು ಬಾಗಿದ ರಾಮೋನ್ ಅಜ್ಜನಿಗೆ ಕೊಟ್ಟು, ಕನ್ನಡದಲ್ಲೇ, "ಇದು ನಿಮ್ಮ ಮನಿ. ಇನ್ನ ನಾ ಬಂದ್ರ ನೀವಽ ಚಾ ಕೊಡಬೇಕ್ರಿ" ಎಂದರು. ಅಜ್ಜ ಏನೂ ತಿಳಿಯದೆ ಕೈಮುಗಿದ. ಹಾಗಾದರೆ ಕಾಶವ್ವ ಇರುವುದು ಎಲ್ಲಿ? ಹಿಂದೊಮ್ಮೆ ನಾನು ಕೇಳಿದಾಗ, "ಯಾವ್ದು ಖಾಲಿ ಐತಿ ಅದಽ ನಂದು ನೋಡವ್ವಾ" ಎಂದಿದ್ದರು. ತಮಾಷೆಯೋ ನಿಜವೋ ತಿಳಿದಿರಲಿಲ್ಲ. ಈಗ ಆರೂ ತುಂಬಿವೆ. ಇವತ್ತು ಟ್ರಸ್ಟಿನ ಆಫೀಸು ಗುಡಿಸುವಾಗ ಕುರ್ಚಿಯ ಹಿಂದೆ ಅವರ ಚಾದರ, ಸಿಂಕಿನ ಬಳಿ ಒದ್ದೆಯಾದ ಹಲ್ಲುಜ್ಜುವ ಬ್ರಷ್ಷು ಕಂಡವು. ಆಫೀಸನ್ನು ಮನೆ ಎನ್ನಬಹುದೋ ಇಲ್ಲವೋ ಗೊತ್ತಾಗುತ್ತಿಲ್ಲ. ನಾಳೆ ಬೆಳಿಗ್ಗೆ ಹಾಲು ತಂದು, ಅಲ್ಲಿ ಚಹಾ ಕಾಯಿಸುವ ಒಲೆಯ ಮೇಲೆ ಉಕ್ಕಿಸುತ್ತೇನೆ.